ಸಭೆಗೂ ಮುಂಚಿನ ಮೂವತ್ತು ದಿನ

ಹೊನ್ನಾವರ

ಚಿ. ವಿನುತಾಳಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ಕಾಕಿನಾಡದ ಸಮುದ್ರದ ತೈಲ-ಅನಿಲ ಯೋಜನೆಗೆ ಜನರ ಮಾತು ಕೇಳುವ ಸಾರ್ವಜನಿಕ ಆಲಿಕೆ ಸಭೆಯ ಕೆಲಸ ಕಂಪನಿಯ ಕಡೆಯಿಂದ ನಿನ್ನ ಹೆಗಲಿಗೆ ಬಂದಿದೆ, ಆ ದಿನ ಏನೇನು ನೋಡಿಕೊಳ್ಳಬೇಕು ಎಂದು ಕೇಳಿದ್ದೀಯ. ಷಾಮಿಯಾನ, ಮೈಕು, ಕುರ್ಚಿ, ನೀರಿನ ಬಾಟಲಿ ನೋಡಿಕೊಳ್ಳಲು ಜನ ಇರುತ್ತಾರೆ. ಸಭೆ ಕೆಡುವುದು ಆ ದಿನ ಅಲ್ಲ ಮಗಳೇ, ಅದರ ಹಿಂದಿನ ಒಂದು ತಿಂಗಳಲ್ಲಿ. ಅದಕ್ಕೇ ಆ ತಿಂಗಳ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಮೊದಲು ನೀನು ನಿಂತ ಜಾಗ ಯಾವುದು ತಿಳಿದುಕೊ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಂದಾಜಿನ (ಇಐಎ) ಅಧಿಸೂಚನೆಯಲ್ಲಿ ತೈಲ-ಅನಿಲದ ಶೋಧನೆ, ಅಭಿವೃದ್ಧಿ, ಉತ್ಪಾದನೆ ಮೂರೂ 'ಎ' ವರ್ಗದಲ್ಲಿದ್ದವು. 2020ರ ಜನವರಿ 16ರ ತಿದ್ದುಪಡಿ ಶೋಧನೆಯನ್ನಷ್ಟೇ ಕಿತ್ತು 'ಬಿ2'ಗೆ ಹಾಕಿತು. ಬಿ2 ಅಂದರೆ ಇಐಎ ವರದಿಯೂ ಬೇಡ, ಜನರ ಸಭೆಯೂ ಬೇಡ. ನೀನು ಈಗ ನಡೆಸಲು ಹೊರಟಿರುವುದು ಅಭಿವೃದ್ಧಿ ಹಂತದ ಸಭೆ. ಅಷ್ಟರೊಳಗೆ ಶಬ್ದದ ಅಲೆ ಬಿಟ್ಟು ಸಮುದ್ರತಳದಡಿಯ ಎಣ್ಣೆ ಹುಡುಕುವ ಸೈಸ್ಮಿಕ್ ಹಡಗು ಬಂದು ಹೋಗಿದೆ, ಶೋಧನಾ ಬಾವಿಗಳನ್ನು ಕೊರೆದಾಗಿದೆ, ಕೋಟಿಗಟ್ಟಲೆ ದುಡ್ಡು ನೀರಿಗಿಳಿದಿದೆ. 'ಇಲ್ಲಿ ಇದು ಬೇಕೆ' ಎಂಬ ಪ್ರಶ್ನೆ ಕೇಳಬೇಕಾದ ಹೊತ್ತು ಶೋಧನೆಯದು. ಆ ಹೊತ್ತಿನಲ್ಲೇ ಬಾಗಿಲು ಮುಚ್ಚಿದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ನಮ್ಮ ಕರಾವಳಿಯೂ ಎಣ್ಣೆ ಹುಡುಕುವ ಕೇರಳ-ಕೊಂಕಣ ಬೇಸಿನ್ನಿನ ಅಂಚಿಗೇ ಇದೆ, ನಾಳೆ ಇಲ್ಲೂ ಇದೇ ಕಥೆ.

ಇದರಿಂದ ನಿನಗೆ ಆಗುವುದೇನೆಂದರೆ, ಸಭೆಯಲ್ಲಿ ಎದ್ದು ನಿಲ್ಲುವ ಮೊದಲ ಮನುಷ್ಯ ಪೈಪ್‌ಲೈನ್ ಬಗ್ಗೆ ಕೇಳುವುದಿಲ್ಲ. 'ಹಿಂದೆ ಬಂದ ಸರ್ವೆ ಹಡಗು ನನ್ನ ಬಲೆ ಹರಿಯಿತು, ಅದಕ್ಕೇನು' ಎನ್ನುತ್ತಾನೆ. ಸೈಸ್ಮಿಕ್ ಹಡಗು ತನ್ನ ಹಿಂದೆ 6ರಿಂದ 8 ಕಿಲೋಮೀಟರ್ ಉದ್ದದ ಕೇಬಲ್‌ಗಳನ್ನು ಎಳೆದುಕೊಂಡು 4-5 ನಾಟ್ (ಗಂಟೆಗೆ 7-9 ಕಿಲೋಮೀಟರ್) ವೇಗದಲ್ಲಿ ಸಾಗುತ್ತದೆ. ಅದಕ್ಕೆ ತಟ್ಟನೆ ನಿಲ್ಲಲಾಗದು, ತಿರುಗಲಾಗದು. ರಾತ್ರಿ ಬಿಟ್ಟ ಬಲೆ ಅಡ್ಡ ಸಿಕ್ಕರೆ ಹರಿದೇ ಹೋಗುತ್ತದೆ. ನಿಮ್ಮ ಕಂಪನಿಯ ಸಿದ್ಧ ಉತ್ತರ 'ಇದು ಈ ಯೋಜನೆಗೆ ಸಂಬಂಧಿಸಿದ್ದಲ್ಲ' ಅಂತ ಇರುತ್ತದೆ. ಆ ಮಾತು ಬಾಯಿಂದ ಬಂದ ಕ್ಷಣಕ್ಕೆ ಸಭೆ ಮುಗಿಯಿತು ಅಂತಲೇ ತಿಳಿ. ಬಲೆಯ ದೂರುಗಳನ್ನು ಸಭೆಗೂ ಮೊದಲೇ ಊರೂರಲ್ಲಿ ಬರೆದುಕೊ: ದಿನಾಂಕ, ಜಾಗ, ಬಲೆಯ ಉದ್ದ, ದೋಣಿಯ ನೋಂದಣಿ ಸಂಖ್ಯೆ. ಇತ್ಯರ್ಥ ಆಗದಿದ್ದರೂ ದಾಖಲೆಯಾದರೂ ಆಗಲಿ.

ಇನ್ನು ಕಾಗದದ ಲೆಕ್ಕ. ಕರಡು ಇಐಎ ವರದಿ ತಲುಪಿದ 7 ದಿನದೊಳಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸದಸ್ಯ ಕಾರ್ಯದರ್ಶಿ ದಿನ, ಸಮಯ, ಸ್ಥಳ ಗೊತ್ತುಮಾಡಿ ಒಂದು ರಾಷ್ಟ್ರೀಯ ಪತ್ರಿಕೆ, ಒಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಜನಕ್ಕೆ ಕಡಿಮೆಯೆಂದರೆ 30 ದಿನ ಸಿಗಬೇಕು. ಕಂಪನಿ ಕೋರಿಕೆ ಪತ್ರ ಕೊಟ್ಟ 45 ದಿನದೊಳಗೆ ಎಲ್ಲ ಮುಗಿಯಬೇಕು. ಕೂಡಿಸಿ ನೋಡು, ನಿನಗೆ ಜಾರಲು ಉಳಿಯುವುದು ಒಂದು ವಾರ ಮಾತ್ರ.

ಎಡವುವುದು ಎಲ್ಲಿ ಅಂದರೆ, ಜಾಹೀರಾತು ಬಂದ ದಿನ ಪತ್ರಿಕೆಯಲ್ಲಿರುತ್ತದೆ, ವರದಿಯ ಪ್ರತಿ ಪಂಚಾಯತಿಗೆ ತಲುಪಿದ ದಿನ ಎಲ್ಲೂ ಇರುವುದಿಲ್ಲ. ತಲುಪಿದ್ದರೂ ಕಾರ್ಯದರ್ಶಿಯ ಬೀರುವಿನಲ್ಲಿ, ಕೀಲಿ ಅವರ ಜೇಬಿನಲ್ಲಿ, ಅವರು ರಜೆಯಲ್ಲಿ. ಕೊರಿಯರ್ ನಂಬಬೇಡ. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪರಿಷತ್ತು, ಜಿಲ್ಲಾ ಕೈಗಾರಿಕಾ ಕೇಂದ್ರ, ನಗರಸಭೆ, ಪಂಚಾಯತಿ, ಎಲ್ಲ ಕಡೆಗೂ ನೀನೇ ಹೋಗಿ ಕೊಟ್ಟು ಇನ್‌ವರ್ಡ್ ನಂಬರು, ಸೀಲು ಹಾಕಿಸಿಕೊ. ಹತ್ತು ದಿನ ಬಿಟ್ಟು ಮತ್ತೊಮ್ಮೆ ಹೋಗಿ ಸಾಮಾನ್ಯ ಜನರಂತೆ 'ಆ ವರದಿ ನೋಡಬೇಕಿತ್ತು' ಎಂದು ಕೇಳು. ಆಗ ಗೊತ್ತಾಗುತ್ತದೆ.

ಜಿಲ್ಲೆಯ ವಿಷಯವನ್ನೂ ಮರೆಯಬೇಡ. ಆಲಿಕೆ ಜಿಲ್ಲಾವಾರು ನಡೆಯಬೇಕು. ಹಳೆಯ ಪೂರ್ವ ಗೋದಾವರಿ 2022ರ ಏಪ್ರಿಲ್‌ನಲ್ಲಿ ಒಡೆದು ಕಾಕಿನಾಡ, ಕೋನಸೀಮೆ ಬೇರೆಬೇರೆ ಜಿಲ್ಲೆಗಳಾದವು. ಪೈಪು ಒಂದು ಜಿಲ್ಲೆಯಲ್ಲಿ ದಡ ಹತ್ತಿ, ಮೀನು ಹಿಡಿಯುವವರು ಇನ್ನೊಂದು ಜಿಲ್ಲೆಯವರಾದರೆ ಒಂದೇ ಸಭೆ ಸಾಲದು. ನಡುವೆ ಯಾನಾಂ ಇದೆ, ಅದು ಪುದುಚೇರಿಗೆ ಸೇರಿದ್ದು. ನಿನ್ನ ಸೀನಿಯರ್ ಕೈಲಿ ಹಳೆಯ ನಕ್ಷೆ ಇದ್ದರೆ ಈಗಲೇ ಬದಲಿಸು.

ಭಾಷೆಯ ವಿಷಯಕ್ಕೆ ಬರುತ್ತೇನೆ, ನನಗೆ ಅತಿ ಮುಖ್ಯ ಅನ್ನಿಸುವುದು ಇದು. ದಕ್ಷಿಣ ಆಫ್ರಿಕಾದ ವೈಲ್ಡ್ ಕೋಸ್ಟ್‌ನಲ್ಲಿ ಶೆಲ್ ಕಂಪನಿ 6,011 ಚದರ ಕಿಲೋಮೀಟರ್ ಸೈಸ್ಮಿಕ್ ಸರ್ವೆಗೆ ಹೊರಟಿತ್ತು. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟದ್ದು ಇಂಗ್ಲಿಷು ಮತ್ತು ಆಫ್ರಿಕಾನ್ಸ್‌ನಲ್ಲಿ. ಕರಾವಳಿಯ ಹಳ್ಳಿಗಳ ಮಾತು ಷೋಸಾ. ಮಾತುಕತೆ ನಡೆಸಿದ್ದು ಅರಸರ ಮಟ್ಟದಲ್ಲಿ, ಸಮುದ್ರಕ್ಕಿಳಿಯುವ ಜನರ ಜೊತೆ ಅಲ್ಲ. 2022ರ ಸೆಪ್ಟೆಂಬರ್ 1ರಂದು ಮಖಾಂಡ ಹೈಕೋರ್ಟ್ ಶೋಧನೆಯ ಹಕ್ಕನ್ನೇ ರದ್ದು ಮಾಡಿತು. 2024ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ರದ್ದತಿಯನ್ನು ತಡೆಹಿಡಿದು ಕಂಪನಿಗೆ ನವೀಕರಣದ ದಾರಿ ತೆರೆದಿಟ್ಟಿತಾದರೂ, ಹಕ್ಕು ಕೊಟ್ಟ ಕ್ರಮ ಕಾನೂನುಬಾಹಿರ ಎಂಬುದನ್ನು ಎತ್ತಿಹಿಡಿಯಿತು. ಊರ ಮುಖ್ಯಸ್ಥನನ್ನು ಕಂಡು ಚಹಾ ಕುಡಿದು ಬಂದರೆ ಊರನ್ನು ಕೇಳಿದಂತಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನಿನ್ನ ವರದಿಯ ತೆಲುಗು ಸಾರಾಂಶ ಹೇಗಿದೆ? ಅನುವಾದ ಮಾಡಿದವರು ಹೈದರಾಬಾದಿನ ಕಚೇರಿಯಲ್ಲಿ ಕುಳಿತು ಮಾಡಿರುತ್ತಾರೆ. ಲಿಪಿ ನಮ್ಮದಕ್ಕೆ ಹತ್ತಿರವೇ, ನೀನೇ ಓದಬಲ್ಲೆ. ಮೀನು ಒಣಗಿಸುವ ಹೆಂಗಸರ ಪಕ್ಕ ಕೂತು ಗಟ್ಟಿಯಾಗಿ ಓದು. ಅವರು ಎಲ್ಲಿ 'ಏನದು?' ಅನ್ನುತ್ತಾರೋ ಅಲ್ಲಿ ಪೆನ್ಸಿಲ್ಲಿನಲ್ಲಿ ಗೆರೆ ಎಳೆ.

ಒಂದು ಗೆರೆ ಖಂಡಿತ ಬೀಳುವ ಜಾಗ ಹೇಳುತ್ತೇನೆ. ಬಾವಿ ಕೊರೆಯುವಾಗ ಒಳಗೆ ಬಿಡುವ ಕೆಸರಿನಂಥ ದ್ರವಕ್ಕೆ ಡ್ರಿಲ್ಲಿಂಗ್ ಮಡ್ ಅನ್ನುತ್ತಾರೆ. 'ಡ್ರಿಲ್ಲಿಂಗ್ ಮಡ್‌ನ ವಿಷತ್ವ, 96 ಗಂಟೆಯ ಎಲ್‌ಸಿ50, 30,000 ಮಿ.ಗ್ರಾಂ/ಲೀ.ಗಿಂತ ಹೆಚ್ಚು' ಎಂದು ವರದಿಯಲ್ಲಿರುತ್ತದೆ. ಕೇಳಿದವರಿಗೆ 'ವಿಷ ಮೂವತ್ತು ಸಾವಿರಕ್ಕಿಂತ ಹೆಚ್ಚು' ಅಂತ ಅರ್ಥವಾಗುತ್ತದೆ, ಗಲಾಟೆ ಶುರು. ನಿಜದಲ್ಲಿ ಅದು ಉಲ್ಟಾ. ಪರೀಕ್ಷೆಯ ಜೀವಿಗಳಲ್ಲಿ ಅರ್ಧದಷ್ಟು ನಾಲ್ಕು ದಿನದಲ್ಲಿ ಸಾಯಲು ಒಂದು ಲೀಟರ್ ನೀರಿಗೆ ಎಷ್ಟು ಮಡ್ಡು ಬೇಕು ಎಂಬ ಅಳತೆ ಅದು. ಅಂಕಿ ದೊಡ್ಡದಾದಷ್ಟೂ ವಿಷ ಕಡಿಮೆ. 30 ಗ್ರಾಂ ಹಾಕಿದರೂ ಅರ್ಧಕ್ಕಿಂತ ಹೆಚ್ಚು ಬದುಕಿರಬೇಕು ಎಂದು ಬರೆದರೆ ಯಾರಿಗೂ ತಿಳಿಯುತ್ತದೆ. ಜೊತೆಗೇ ಹೇಳಬೇಕಾದ್ದು: ಡೀಸೆಲ್ ಬೆರೆತ ಮಡ್ಡಿಗೆ ಅನುಮತಿ ಇಲ್ಲ, ಮಡ್ಡಿನ ತೂಕ ಹೆಚ್ಚಿಸಲು ಬೆರೆಸುವ ಬರೈಟ್ ಪುಡಿಯಲ್ಲಿ ಪಾದರಸ ಕಿಲೋಗೆ 1 ಮಿಲಿಗ್ರಾಂ, ಕ್ಯಾಡ್ಮಿಯಂ 3 ಮಿಲಿಗ್ರಾಂ ದಾಟಬಾರದು, ಕೊರೆದ ಕಲ್ಲುಪುಡಿಗೆ ಅಂಟಿದ ಎಣ್ಣೆ ಕಿಲೋಗೆ 10 ಗ್ರಾಂನೊಳಗಿರಬೇಕು. ಮಿತಿ ಇಷ್ಟು ಅನ್ನುವುದು ಉತ್ತರವಲ್ಲ. ಶೋಧನಾ ಬಾವಿ ಕೊರೆದಾಗ ನಿಜವಾಗಿ ಎಷ್ಟು ಬಂತು ಎಂಬ ಪ್ರಯೋಗಾಲಯದ ಹಾಳೆ ಕಂಪನಿಯ ಬಳಿ ಇರುತ್ತದೆ. ಅದನ್ನು ಈಗಲೇ ತರಿಸು. ಕೊಡಲು ಹಿಂದೆಮುಂದೆ ನೋಡಿದರೆ ಆ ಕಾರಣವನ್ನೂ ಬರೆಸಿಕೊ.

ಮೀನುಗಾರಿಕೆಯ ಅಧ್ಯಾಯದಲ್ಲಿ ಸಾಮಾನ್ಯವಾಗಿ ಎರಡು ತಪ್ಪು. ಮೊದಲನೆಯದು ನಿಷೇಧದ ಕಾಲ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ, ನಮ್ಮಲ್ಲಿ ಜೂನ್-ಜುಲೈ. 'ನಿಷೇಧದ ಕಾಲದಲ್ಲಿ ಕೆಲಸ ಮಾಡುತ್ತೇವೆ, ಯಾರಿಗೂ ತೊಂದರೆ ಇಲ್ಲ' ಎಂದು ಬರೆದುಬಿಡುತ್ತಾರೆ. ಎಂಜಿನ್ ಇಲ್ಲದ ಸಾಂಪ್ರದಾಯಿಕ ದೋಣಿಗಳಿಗೆ ಆ ನಿಷೇಧ ಇಲ್ಲ. ತೆಪ್ಪದವನು ಆಗಲೇ ಹೆಚ್ಚು ದುಡಿಯುವುದು, ದೊಡ್ಡ ಬೋಟುಗಳು ದಡದಲ್ಲಿರುತ್ತವಲ್ಲ.

ಎರಡನೆಯದು ಸುರಕ್ಷತಾ ವಲಯ, ಅಂದರೆ ಸಮುದ್ರದಲ್ಲಿ ಎಣ್ಣೆ ತೆಗೆಯಲು ನಿಲ್ಲಿಸುವ ಪ್ಲಾಟ್‌ಫಾರ್ಮಿನ ಬಳಿ ಮೀನುದೋಣಿಗಳನ್ನು ಬಿಡದ ಜಾಗ. ಪ್ಲಾಟ್‌ಫಾರ್ಮಿನ ಸುತ್ತ 500 ಮೀಟರ್. ವೃತ್ತದ ಲೆಕ್ಕದಲ್ಲಿ ಸುಮಾರು 78 ಹೆಕ್ಟೇರ್, ಅಂದರೆ 194 ಎಕರೆ; ಇಡೀ ಸಮುದ್ರದಲ್ಲಿ ಇದೆಷ್ಟು ಎಂದು ವರದಿ ಕೈತೊಳೆದುಕೊಳ್ಳುತ್ತದೆ. ಆದರೆ ತೇಲು ಬಲೆ ಬಿಡುವವನ ಲೆಕ್ಕ ಬೇರೆ. ಬಲೆ ನೀರಿನೊಂದಿಗೆ ಸರಿಯುತ್ತದೆ. ನೀರಿನ ಎಳೆತ ಅರ್ಧ ನಾಟ್ ಇದ್ದರೂ ಗಂಟೆಗೆ 900 ಮೀಟರ್ ಆಯಿತು. ನಾಲ್ಕು ತಾಸು ಬಿಟ್ಟರೆ ಮೂರೂವರೆ ಕಿಲೋಮೀಟರ್ ದಾಟುತ್ತದೆ. ಹಾಗಾಗಿ ಅವನು ಪ್ಲಾಟ್‌ಫಾರ್ಮಿನಿಂದ ನೀರು ಬರುವ ದಿಕ್ಕಿಗೆ ನಾಲ್ಕು ಕಿಲೋಮೀಟರಿನೊಳಗೆ ಬಲೆ ಬಿಡಲಾರ. ಅವನು ಕಳೆದುಕೊಂಡ ಜಾಗ ನಿನ್ನ ವೃತ್ತಕ್ಕಿಂತ ಎಷ್ಟೋ ಪಾಲು ದೊಡ್ಡದು. ನಕ್ಷೆ ಹಿಡಿದು ಅವರ ಜೊತೆ ಕೂತು ಇದನ್ನು ಗುರುತಿಸು. ಆಳವನ್ನು ಮೀಟರಿನಲ್ಲಿ ಮಾತ್ರ ಹೇಳಬೇಡ. ನಮ್ಮಲ್ಲಿ ಮಾರು, ಅಲ್ಲಿ ಬಾರ. 400 ಮೀಟರ್ ಅಂದರೆ ಸುಮಾರು 220 ಮಾರು.

ಯಾರು ಯಾವ ಜಾಗದಲ್ಲಿ ಹಿಡಿಯುತ್ತಾರೆ ಎಂಬ ಪಟ್ಟಿಗೆ ಆಮೇಲೆ ಬೆಲೆ ಬರುತ್ತದೆ. ಅಲ್ಲಿಯದೇ ಉದಾಹರಣೆ: ಓಎನ್‌ಜಿಸಿ ಪೈಪ್‌ಲೈನಿನಿಂದ ದುಡಿಮೆ ಕಳೆದುಕೊಂಡ ಕೋನಸೀಮೆ, ಕಾಕಿನಾಡ ಜಿಲ್ಲೆಗಳ 23,458 ಮೀನುಗಾರ ಕುಟುಂಬಗಳಿಗೆ 2023ರ ನವೆಂಬರ್‌ನಲ್ಲಿ ತಿಂಗಳಿಗೆ 11,500 ರೂಪಾಯಿಯಂತೆ ಆರು ತಿಂಗಳದ್ದು, 161.86 ಕೋಟಿ ಬಿಡುಗಡೆಯಾಯಿತು. ಇಂಥ ಪಟ್ಟಿಯಲ್ಲಿ ಹೆಸರು ಬರಲು ದೋಣಿಯ ಕಾಗದ ಬೇಕು, ಸಂಘದ ಗುರುತು ಬೇಕು. ದೋಣಿ ಇಲ್ಲದೆ ಕೂಲಿಗೆ ಹೋಗುವವನು, ಹರಾಜಿನಲ್ಲಿ ಬುಟ್ಟಿ ಹಿಡಿಯುವ ಹೆಂಗಸು, ಬಲೆ ಹೆಣೆಯುವ ಮುದುಕ, ಇವರನ್ನು ಈಗ ಬರೆದುಕೊಳ್ಳದಿದ್ದರೆ ಆಮೇಲೆ ಹುಡುಕುವವರಿಲ್ಲ. ಹೆಂಗಸರ ಸಭೆ ಪ್ರತ್ಯೇಕ ಮಾಡು, ಹರಾಜು ಮುಗಿದ ಮೇಲೆ. ಬೆಳಿಗ್ಗೆ ಹತ್ತಕ್ಕೆ ಕರೆದರೆ ಯಾರೂ ಬರುವುದಿಲ್ಲ. ಬರಲಿಲ್ಲ ಎಂದು ವರದಿಯಲ್ಲಿ ಬರೆಯುವುದು ಅನ್ಯಾಯ.

ಎಣ್ಣೆ ಸೋರಿದರೆ ಎತ್ತ ಹೋಗುತ್ತದೆ ಎಂಬ ಕಂಪ್ಯೂಟರ್ ಮಾದರಿಯನ್ನೂ ತಿರುವಿ ನೋಡು. ಆ ಕರಾವಳಿಯ ಪ್ರವಾಹ ಫೆಬ್ರುವರಿಯಿಂದ ಮೇವರೆಗೆ ಉತ್ತರಕ್ಕೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ದಕ್ಷಿಣಕ್ಕೆ. ಒಂದೇ ಋತುವಿನ ಮಾಹಿತಿ ಹಾಕಿದ ಮಾದರಿ ಅರ್ಧ ಕರಾವಳಿಯನ್ನು ಸುರಕ್ಷಿತ ಎಂದು ತೋರಿಸುತ್ತದೆ. ಕಾಕಿನಾಡದ ಬಳಿಯ ಕೊರಿಂಗದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಎಷ್ಟು ತಾಸಿನಲ್ಲಿ ಎಣ್ಣೆ ಮುಟ್ಟುತ್ತದೆ, ಎಣ್ಣೆ ತಡೆಯುವ ತೇಲುಬೇಲಿ (ಬೂಮ್) ಅಲ್ಲಿಗೆ ಎಷ್ಟು ತಾಸಿನಲ್ಲಿ ತಲುಪುತ್ತದೆ, ಈ ಎರಡು ಅಂಕಿ ಅಕ್ಕಪಕ್ಕ ಇರಲಿ. ಎಣ್ಣೆ ಸೋರಿಕೆಯನ್ನು ಎದುರಿಸುವ ರಾಷ್ಟ್ರೀಯ ಯೋಜನೆಯಲ್ಲಿ 700 ಟನ್‌ವರೆಗಿನ ಸೋರಿಕೆ ಮೊದಲ ಹಂತದ್ದು, ಅದನ್ನು ಕಂಪನಿಯೇ ನಿಭಾಯಿಸಬೇಕು. 'ಕೋಸ್ಟ್ ಗಾರ್ಡ್ ಬರುತ್ತಾರೆ' ಎಂಬ ಉತ್ತರ ನಡೆಯದು.

ಸಭೆಯ ದಿನದ್ದು ಸ್ವಲ್ಪವೇ. ಅಧ್ಯಕ್ಷತೆ ಜಿಲ್ಲಾಧಿಕಾರಿಯದು, ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿನವರಲ್ಲದ ಪ್ರತಿನಿಧಿಯದು. ಕೋರಂ ಇಲ್ಲ. ಪೂರ್ತಿ ವೀಡಿಯೊ ಆಗಬೇಕು. ಒಂದೇ ಕ್ಯಾಮೆರಾ ವೇದಿಕೆಯತ್ತ ನೆಟ್ಟಿದ್ದರೆ ಹಿಂದಿನ ಸಾಲಿನ ದನಿ ದಾಖಲಾಗುವುದಿಲ್ಲ, ಎರಡನೆಯದು ಜನರ ಕಡೆ ಇರಲಿ. ನಿಮ್ಮ ಪ್ರದರ್ಶನ ಇಪ್ಪತ್ತು ನಿಮಿಷದೊಳಗೆ ಮುಗಿಸು. ಕೊನೆಯಲ್ಲಿ ನಡಾವಳಿಯ ಸಾರವನ್ನು ತೆಲುಗಿನಲ್ಲಿ ಓದಿ ಹೇಳಿ ಅದೇ ದಿನ ಸಹಿಯಾಗಬೇಕು. ಜನ ಊಟಕ್ಕೆ ಎದ್ದುಹೋದ ಮೇಲೆ ಖಾಲಿ ಕುರ್ಚಿಗಳಿಗೆ ಓದುವುದು ಮಾಮೂಲು. ಹಾಗಾಗದಂತೆ ಊಟವನ್ನು ಓದಿನ ನಂತರಕ್ಕೆ ಇಡಿಸು. ನಡಾವಳಿ ಬರೆಯುವುದು ಮಂಡಳಿಯವರ ಕೆಲಸ. 'ಕರಡು ನೀವೇ ಕೊಟ್ಟುಬಿಡಿ ಮೇಡಂ' ಅಂತಾರೆ, ಕೊಡಬೇಡ. ನಿನ್ನ ಸಂಬಳ ಕಂಪನಿಯಿಂದ ಬರುತ್ತದೆ, ಅದು ಎಲ್ಲರಿಗೂ ಗೊತ್ತು.

ಪ್ರಶ್ನೋತ್ತರದ ಕೋಷ್ಟಕ ಮಾತ್ರ ನಿನ್ನದೇ. ಪ್ರಶ್ನೆ, ಕೇಳಿದವರ ಊರು, ಉತ್ತರ, ಏನು ಮಾಡುತ್ತೇವೆ, ಎಷ್ಟು ಹಣ, ಯಾವ ತಿಂಗಳೊಳಗೆ, ಯಾರು ಹೊಣೆ. 'ಗಮನಿಸಲಾಗಿದೆ', 'ನಿಯಮಾನುಸಾರ ಕ್ರಮ' ಎಂಬ ಪದಗಳಿಗೆ ಅದರಲ್ಲಿ ಜಾಗವಿಲ್ಲ. 2020ರ ಸೆಪ್ಟೆಂಬರ್ 30ರ ಪರಿಸರ ಸಚಿವಾಲಯದ ಸೂಚನೆಯಂತೆ ಸಭೆಯಲ್ಲಿ ಒಪ್ಪಿದ್ದು ಪರಿಸರ ನಿರ್ವಹಣಾ ಯೋಜನೆಯೊಳಗೆ ಹಣದ ಸಮೇತ ಬರಬೇಕು. ಬಂದರೆ ಆರು ತಿಂಗಳಿಗೊಮ್ಮೆ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸುವ ಪಾಲನಾ ವರದಿಯಲ್ಲಿ ಊರಿನವರು ಅದನ್ನು ಹುಡುಕಿ ಕೇಳಬಹುದು. 2009ರಲ್ಲಿ ಗೋವಾದ ಗಣಿಯೊಂದರ ಪ್ರಕರಣದಲ್ಲಿ ದಿಲ್ಲಿ ಹೈಕೋರ್ಟು, ಯೋಜನೆಯನ್ನು ಪರಿಶೀಲಿಸುವ ತಜ್ಞರ ಸಮಿತಿ ಜನರ ಆಕ್ಷೇಪಗಳನ್ನು ಹೇಗೆ ಪರಿಗಣಿಸಿತು ಎಂಬುದಕ್ಕೆ ಕಾರಣ ಬರೆಯಬೇಕು ಎಂದಿತು. ಪರಿಸರ ಅನುಮತಿ ಸಿಕ್ಕ 30 ದಿನದೊಳಗೆ, ತಕ್ಕ ಕಾರಣವಿದ್ದರೆ ಇನ್ನೂ 60 ದಿನ, ಹಸಿರು ನ್ಯಾಯಮಂಡಳಿಗೆ ಯಾರು ಬೇಕಾದರೂ ಹೋಗಬಹುದು. ಅಲ್ಲಿ ಮೊದಲು ತೆಗೆಯುವುದು ನಿನ್ನ ಈ ಕೋಷ್ಟಕವನ್ನೇ.

ಸಭೆಗೆ ಬರಲಾಗದವರು ಮಂಡಳಿಗೆ ಲಿಖಿತವಾಗಿ ಬರೆಯಬಹುದು ಎಂಬುದನ್ನು ಪ್ರತಿ ಊರಲ್ಲೂ ಹೇಳು; ಆ ಸಾಲು ಜಾಹೀರಾತಿನ ಕೊನೆಯಲ್ಲಿ ಇರುವೆ ಅಕ್ಷರದಲ್ಲಿರುತ್ತದೆ.

ತೆಲುಗು ಸಾರಾಂಶದ ಫೋಟೊ ವಾಟ್ಸಾಪಿಗೆ ಹಾಕು, ಅಂಕಿಗಳನ್ನು ನೋಡಿಕೊಡುತ್ತೇನೆ. ಮಡ್ಡಿನ ಪರೀಕ್ಷೆಯ ಹಾಳೆ ಸಿಕ್ಕರೆ ಅದನ್ನೂ. ನಿನ್ನ ದೊಡ್ಡಮ್ಮ ಮುರುಗಲ ಸಿಪ್ಪೆ ಒಣಗಿಸಿ ಕಟ್ಟಿಟ್ಟಿದ್ದಾಳೆ, ಅತ್ತ ಬರುವವರು ಸಿಕ್ಕರೆ ಕಳಿಸುತ್ತಾಳಂತೆ. ಬಿಸಿಲಲ್ಲಿ ತಿರುಗುವಾಗ ನೀರು ಕುಡಿ.

ಇಂತಿ,
ನಿನ್ನ ದೊಡ್ಡಪ್ಪ