ಮಗಳೇ, ನಿನ್ನ ನಿದ್ದೆಯೂ ಮುಖ್ಯ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದ.

ಫೋನ್ ಮಾಡಿದಾಗಲೆಲ್ಲ ನಿಮ್ಮತ್ತೆಯ ಬಿಪಿ, ಶುಗರ್, ಊಟ, ಔಷಧಿ ಎಲ್ಲ ಹೇಳುತ್ತೀಯ. ನೀನು ಹೇಗಿದ್ದೀಯ ಎಂದರೆ ಮಾತ್ರ "ಇದ್ದೀನಮ್ಮ" ಅಷ್ಟೇ. ಅದಕ್ಕೇ ಬರೆಯಲು ಕೂತೆ.

ಅವರ ಮೇಲೆ ರೇಗಿಬಿಟ್ಟೆ ಅಂತ ಕೊರಗುತ್ತಿದ್ದೀಯಲ್ಲ, ಬೇಡ. ಕೇಳಿದ್ದನ್ನೇ ಕೇಳುವವರಿಗೆ ದಿನವಿಡೀ ಉತ್ತರ ಕೊಟ್ಟು, ರಾತ್ರಿಯೂ ಎದ್ದೆದ್ದು ನೋಡುವವಳಿಗೆ ಸಿಟ್ಟು ಬರದೆ ಇರುತ್ತದೆಯೇ? ನಿನ್ನ ಪ್ರೀತಿಗೆ ಏನೂ ಆಗಿಲ್ಲ, ನಿದ್ದೆ ಸಾಲುತ್ತಿಲ್ಲ. ಮರೆವಿನ ಕಾಯಿಲೆಯವರಿಗೆ ಸಂಜೆಯಾಗುತ್ತಲೇ ಗಲಿಬಿಲಿ, ಹಟ ಜಾಸ್ತಿಯಾಗುವುದುಂಟು. ಕತ್ತಲಾಗುವ ಮೊದಲೇ ದೀಪ ಹಾಕಿಬಿಡು. "ನಮ್ಮನೆಗೆ ಹೋಗಬೇಕು" ಎಂದರೆ ಇದೇ ನಿಮ್ಮನೆ ಎಂದು ವಾದಕ್ಕೆ ಇಳಿಯಬೇಡ. ಆ ಮನೆಯಲ್ಲಿ ಯಾರ್ಯಾರಿದ್ದರು ಎಂದು ಕೇಳು, ಮಾತು ತಾನಾಗಿ ಬೇರೆ ಕಡೆ ಹೊರಳಬಹುದು.

ಆದರೆ ಗಲಿಬಿಲಿ ಒಂದೆರಡು ದಿನದಲ್ಲೇ ಇದ್ದಕ್ಕಿದ್ದಂತೆ ಏರಿದರೆ ಮರೆವು ಎಂದು ಸುಮ್ಮನಾಗಬೇಡ. ಮೂತ್ರದ ಸೋಂಕು, ಮೈಯಲ್ಲಿ ನೀರು ಕಮ್ಮಿಯಾಗುವುದು, ಮಲಬದ್ಧತೆ, ಹೊಸದಾಗಿ ಶುರುಮಾಡಿದ ಮಾತ್ರೆ, ಇವುಗಳಿಂದಲೂ ಹಾಗಾಗುತ್ತದೆ. ತಡಮಾಡದೆ ಡಾಕ್ಟರಿಗೆ ತೋರಿಸು. ವಯಸ್ಸಾದವರಿಗೆ ಬಾಯಾರಿಕೆಯೇ ಸರಿಯಾಗಿ ತಿಳಿಯುವುದಿಲ್ಲ. ಡಾಕ್ಟರು ನೀರಿಗೆ ಮಿತಿ ಹೇಳಿರದಿದ್ದರೆ, ಕೇಳಲಿ ಎಂದು ಕಾಯದೆ ಆಗಾಗ ನೀನೇ ಕೊಡು.

ಇನ್ನು ನಿನ್ನ ವಿಚಾರ. "ಏನಾದರೂ ಬೇಕಿದ್ದರೆ ಹೇಳು" ಅನ್ನುವವರೆಲ್ಲರಿಗೂ ಸಂಕೋಚ ಬಿಟ್ಟು ಹೇಳು, ಇಂಥದ್ದೇ ಬೇಕು ಎಂದು ಬಿಡಿಸಿ ಹೇಳು. ನಿನ್ನ ನಾದಿನಿ ಭಾನುವಾರ ಬಂದು ಸ್ನಾನ ಮಾಡಿಸಲಿ. ಮೈದುನ ಔಷಧಿ ತಂದುಕೊಡಲಿ. ಅಳಿಯಂದಿರು ವಾರಕ್ಕೆ ಎರಡು ರಾತ್ರಿಯಾದರೂ ಅವರ ಪಕ್ಕ ಮಲಗಲಿ, ಹೆತ್ತ ತಾಯಿಯಲ್ಲವೇ! ಎಲ್ಲವನ್ನೂ ನೀನೊಬ್ಬಳೇ ಮಾಡಬೇಕು ಎಂಬುದನ್ನು ನಾನಂತೂ ಒಪ್ಪುವುದಿಲ್ಲ. ಅವರಿಗೆ ನಿನ್ನ ಅಚ್ಚುಕಟ್ಟು ಬರದೇ ಇರಬಹುದು. ಬೈತಲೆ ಸೊಟ್ಟಗಾದರೆ ಆಗಲಿ, ಹೋಗಿ ಸರಿಮಾಡಬೇಡ. ಬಾಗಿಲು ಹಾಕಿಕೊಂಡು ಮಲಗು.

ಅವರನ್ನು ಎಬ್ಬಿಸುವಾಗ ಸೊಂಟ ಬಗ್ಗಿಸಬೇಡ, ಮೊಣಕಾಲು ಮಡಚು. ತೋಳು ಹಿಡಿದು ಎಳೆದರೆ ಅವರ ಭುಜಕ್ಕೂ ಪೆಟ್ಟು, ನಿನ್ನ ಬೆನ್ನಿಗೂ ಪೆಟ್ಟು.

ಮುಂದಿನ ವಾರ ನಾನೇ ಬಂದು ಕೆಲವು ದಿನ ಇರುತ್ತೇನೆ. ಯಾವ ಮಾತ್ರೆ ಯಾವ ಹೊತ್ತಿಗೆ, ಯಾವುದಕ್ಕೆ ಖುಷಿ, ಯಾವುದಕ್ಕೆ ಸಿಟ್ಟು, ರಾತ್ರಿ ಎಷ್ಟು ಸಲ ಏಳುತ್ತಾರೆ, ಎಲ್ಲ ಒಂದು ಹಾಳೆಯಲ್ಲಿ ಬರೆದಿಡು. ಆಮೇಲೆ ನಿನಗೆ ಎಲ್ಲಿಗೆ ಹೋಗಬೇಕು ಅನಿಸುತ್ತದೋ ಹೋಗಿ ಬಾ. ನಡುವೆ ಫೋನ್ ಮಾಡಿ ಅವರು ಊಟ ಮಾಡಿದರಾ ಎಂದು ಕೇಳಕೂಡದು.

ನಿನ್ನ ಅಮ್ಮ