ನನ್ನ ಸುರಂಗದ ಕಥೆಯ ಹಕ್ಕು ವಾಪಸ್ ಕೊಡಿ

ಕಥಾಸ್ಪರ್ಧೆ ನೋಡಿಕೊಳ್ಳುವವರಿಗೆ,

ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕದವಳು. ಕಳೆದ ವರ್ಷ ಜೂನ್‌ನಲ್ಲಿ ನಿಮ್ಮ ಆ್ಯಪ್‌ನ ಕಥಾಸ್ಪರ್ಧೆಗೆ ಒಂದು ಕಥೆ ಕಳಿಸಿದ್ದೆ. ಬಹುಮಾನ ಬರಲಿಲ್ಲ. ಅದಕ್ಕೆ ಬೇಸರವಿಲ್ಲ, ಗೆದ್ದ ಕಥೆಗಳನ್ನು ಓದಿದ್ದೇನೆ, ಚೆನ್ನಾಗಿದ್ದವು. ನನ್ನ ದೂರು ಬೇರೆ.

ಅದು ಸುರಂಗ ತೋಡುವವನ ಕಥೆ. ನಮ್ಮ ಕಡೆ ನೀರಿಗಾಗಿ ಮುರಕಲ್ಲಿನ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆಯುತ್ತಾ ಹೋಗುತ್ತಾರೆ, ಒಳಗೆ ಮೇಣದಬತ್ತಿ ಮಂಕಾಯಿತು ಅಂದರೆ ಗಾಳಿ ಸಾಲದು, ಕೂಡಲೇ ಹೊರಗೆ ಬರಬೇಕು. ನಮ್ಮ ತೋಟದ ಸುರಂಗ ತೋಡಿದ ಅಜ್ಜನ ಹತ್ತಿರ ಎಷ್ಟೋ ಸಂಜೆ ಕೂತು ಕೇಳಿ, ಎರಡು ಮಳೆಗಾಲ ತಿದ್ದಿ ತಿದ್ದಿ ಬರೆದದ್ದು.

ಈ ಏಪ್ರಿಲ್‌ನಲ್ಲಿ ಕಾಞಂಗಾಡಿನ ಗೆಳತಿಯೊಬ್ಬಳು ಅದನ್ನು ಮಲಯಾಳಕ್ಕೆ ಅನುವಾದ ಮಾಡುತ್ತೇನೆ ಅಂದಳು. ನನಗೆ ತುಂಬಾ ಖುಷಿಯಾಯಿತು. ನಾನು ಕನ್ನಡದಲ್ಲಿ ಬರೆದದ್ದನ್ನು ನನ್ನ ಪಕ್ಕದ ಮನೆಯವರು ಓದಬೇಕಾದರೆ ಅದು ಮಲಯಾಳಕ್ಕೆ ಹೋಗಲೇಬೇಕು, ಅಲ್ವಾ? ಯಾವುದಕ್ಕೂ ಇರಲಿ ಅಂತ ನಿಮಗೊಂದು ಇಮೇಲ್ ಹಾಕಿದೆ. ಮೂರು ಸಾಲಿನ ಉತ್ತರ ಬಂತು: ಅನುವಾದ, ಆಡಿಯೋ, ಸಿನಿಮಾ ಎಲ್ಲ ಹಕ್ಕೂ ಕಂಪನಿಯದು, 14ನೇ ಷರತ್ತು ನೋಡಿ.

ನೋಡಿದೆ. ಸ್ಪರ್ಧೆಯ ಪ್ರಕಟಣೆ ಕನ್ನಡದಲ್ಲಿ, ಷರತ್ತು ಮಾತ್ರ ಇಂಗ್ಲಿಷಿನಲ್ಲಿ ಹನ್ನೊಂದು ಪುಟ, ಅದೂ ಫೋನಿನಲ್ಲಿ ಹಿಗ್ಗಿಸದೆ ಓದಲಾಗದಷ್ಟು ಸಣ್ಣ ಅಕ್ಷರ. ಗೆದ್ದ ಕಥೆಗಳಿಗಷ್ಟೇ ಅಲ್ಲ, ಬಂದ ಪ್ರತಿ ಕಥೆಗೂ ಆ ಷರತ್ತು ಅನ್ವಯ. ಇಡೀ ಜಗತ್ತಿಗೆ, ಶಾಶ್ವತವಾಗಿ, ಒಂದು ರೂಪಾಯಿಯೂ ಕೊಡದೆ. ಓದದೆ ಟಿಕ್ ಹಾಕಿದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಪ್ರಕಟಣೆಯಲ್ಲಿ ನೀವು ಹೇಳಿದ್ದು 'ಆಯ್ದ ಕಥೆಗಳನ್ನು ಪ್ರಕಟಿಸುತ್ತೇವೆ' ಅಂತ ಮಾತ್ರ. ಪ್ರಕಟಿಸಲು ಒಂದು ಸಲದ ಅನುಮತಿ ಸಾಕು, ಹಕ್ಕು ಪೂರ್ತಿ ಬರೆಸಿಕೊಳ್ಳಬೇಕಾಗಿಲ್ಲ.

1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ನೋಡಿ. ಹಕ್ಕು ವರ್ಗಾಯಿಸುವುದಾದರೆ ಬರಹದಲ್ಲಿರಬೇಕು, ಸಹಿ ಬೇಕು, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ ಅಂತ ಹೇಳಬೇಕು. ಕಾಲ ಹೇಳದಿದ್ದರೆ 5 ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. ಒಪ್ಪಂದದಲ್ಲಿ ಬೇರೆ ಹೇಳದಿದ್ದರೆ, ಪಡೆದ ಹಕ್ಕನ್ನು 1 ವರ್ಷ ಬಳಸದೆ ಇಟ್ಟುಕೊಂಡರೆ ಅದು ಬಿದ್ದುಹೋಗುತ್ತದೆ. ಬರೆಯುವವರಿಗೆ ಕಾಯ್ದೆ ಬಿಟ್ಟುಕೊಟ್ಟ ಈ ಬಾಗಿಲುಗಳನ್ನೆಲ್ಲ ನಿಮ್ಮ 14ನೇ ಷರತ್ತು ಒಂದೊಂದಾಗಿ ಮುಚ್ಚಿದೆ. 'ಬಳಸದಿದ್ದರೂ ಹಕ್ಕು ಕಂಪನಿಯದೇ' ಅಂತ ಕೂಡ ಬರೆದಿದ್ದೀರಿ. ಇದು ಗೊತ್ತಿಲ್ಲದೆ ಆದ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. 'ಲೇಖಕರ ಹೆಸರು ಹಾಕುವುದು ಕಂಪನಿಯ ಇಷ್ಟ' ಎಂಬ ಸಾಲೂ ಇದೆ. ಹಕ್ಕು ಮಾರಿದ ಮೇಲೂ ಇದನ್ನು ಬರೆದದ್ದು ನಾನು ಅನ್ನುವ ಹಕ್ಕು ಲೇಖಕರಿಗೇ ಇರುತ್ತದೆ, 57ನೇ ಸೆಕ್ಷನ್‌ನಲ್ಲಿ ಸ್ಪಷ್ಟವಾಗಿದೆ.

ಕಥೆ ಕಳಿಸಿ ಹದಿನಾಲ್ಕು ತಿಂಗಳಾಯಿತು. ನೀವು ಅದನ್ನು ಪ್ರಕಟಿಸಿಲ್ಲ, ಓದಿಸಿಲ್ಲ. ಸುಮ್ನೆ ಇಟ್ಟುಕೊಂಡಿದ್ದೀರಿ. ಸುರಂಗದ ಅಜ್ಜನಿಗೆ ಈಗ ಎಂಬತ್ತು ದಾಟಿದೆ, ಮನೆಯಲ್ಲಿ ಅವರು ಆಡುವ ಮಾತು ಮಲಯಾಳ. ಅವರ ಎದುರು ಕೂತು ಈ ಕಥೆ ಓದಿ ಹೇಳಬೇಕು ಅಂತ ನನ್ನ ಆಸೆ.

ಹದಿನೈದು ದಿನದೊಳಗೆ ನನ್ನ ಕಥೆಯ ಎಲ್ಲ ಹಕ್ಕೂ ನನ್ನದೇ ಎಂದು ಸಹಿ ಹಾಕಿದ ಪತ್ರ ಕಳಿಸಿ. ಬಹುಮಾನ ಬಾರದ ಉಳಿದವರಿಗೂ ಹಾಗೇ ಮಾಡಿ, ಅವರಲ್ಲಿ ಜಾಸ್ತಿ ಜನಕ್ಕೆ ಈ ವಿಷಯ ಗೊತ್ತೇ ಇರಲಿಕ್ಕಿಲ್ಲ. ಮುಂದಿನ ಸ್ಪರ್ಧೆಯ ಷರತ್ತನ್ನು ಕನ್ನಡದಲ್ಲಿ, ಪ್ರಕಟಣೆಯ ಜೊತೆಗೇ ಹಾಕಿ. ಉತ್ತರ ಬಾರದಿದ್ದರೆ ವಕೀಲರ ಮೂಲಕ ನೋಟಿಸ್ ಕಳಿಸುತ್ತೇನೆ.

ಇತಿ,
ಬದಿಯಡ್ಕದಿಂದ, ಆ ಕಥೆ ಬರೆದವಳು