ಮೊದಲು ಅಂಗಿ, ಆಮೇಲೆ ದೋಣಿಯ ಹುಟ್ಟು

ಮಾನ್ಯ ಸಂಪಾದಕರೇ,

ಪಕ್ಕಕ್ಕೆ ತೇಲುದಿಮ್ಮಿ ಕಟ್ಟಿದ ಔಟ್‌ರಿಗರ್ ದೋಣಿ ಬಗ್ಗೆ ನಿಮ್ಮ ಕ್ರೀಡಾಪುಟದ ಲೇಖನ ಓದಿ ಖುಷಿಯಾಯಿತು. ಆದರೆ ಮುಕ್ಕಾಲು ಪಾಲು ಕಾರ್ಬನ್ ಹುಟ್ಟಿನ ವರ್ಣನೆಯೇ ಇತ್ತು. ಚಿತ್ರದಲ್ಲಿದ್ದ ಹೊಸಬರು ಮಾತ್ರ ಹತ್ತಿ ಟೀ ಶರ್ಟ್, ಜೀನ್ಸ್ ಚಡ್ಡಿಯಲ್ಲಿದ್ದರು. ಅದಕ್ಕೇ ಈ ಪತ್ರ.

ಹುಟ್ಟು ಕೊಳ್ಳಲು ಅವಸರ ಬೇಡ. ಅದರ ಉದ್ದ ನಿಮ್ಮ ಎತ್ತರಕ್ಕೆ, ಕೂರುವ ಸೀಟಿಗೆ ಹೊಂದಬೇಕು. ನಾಲ್ಕು ಜನರದ್ದು ಎರವಲು ಪಡೆದು ಹಾಕಿ ನೋಡಿದರೆ ತಾನೇ ಗೊತ್ತಾಗುತ್ತದೆ.

ಆರು ಜನರ ದೋಣಿಯಲ್ಲಿ ನಾನು ಐದನೇ ಸೀಟಿನವಳು. ಮುಂದಿನವರ ಬೆನ್ನೇ ನನ್ನ ಕಣ್ಣೆದುರು. ಅಂಗಿ ಎಳೆದುಕೊಳ್ಳುತ್ತಾ ಕೂರುವವರು ತಾಳ ತಪ್ಪುತ್ತಾರೆ. ಒದ್ದೆ ಹತ್ತಿ ಭಾರ, ಬೇಗ ಒಣಗದು, ಗಾಳಿ ಬೀಸಿದರೆ ಮೈ ನಡುಗುತ್ತದೆ. ಮೈಗೆ ಅಂಟಿ ಕೂರುವ, ಉದ್ದ ತೋಳಿನ ಲೈಕ್ರಾ (ಹಿಗ್ಗುವ ಬಟ್ಟೆ) ಅಂಗಿ ತೊಡಿ. ಬಟ್ಟೆ ಬಿಸಿಲು ತಡೆಯುವ ಅಳತೆಯಾದ ಯುಪಿಎಫ್ 50 ಇದ್ದರೆ ಬಿಸಿಲಿಗೂ ಆಯಿತು. ತೋಳಿಗೆಲ್ಲ ಸನ್‌ಸ್ಕ್ರೀನ್ ಬಳಿದ ಕೈಯಲ್ಲೇ ಹುಟ್ಟು ಹಿಡಿದು ಜಾರಿಸಿಕೊಳ್ಳುವ ಕಾಟವೂ ತಪ್ಪುತ್ತದೆ.

ಚಡ್ಡಿಯ ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಲ್ವಾ? ನಾನು ಹೇಳುತ್ತೇನೆ. ಹುಟ್ಟು ಹಾಕಿದಾಗಲೆಲ್ಲ ಸೊಂಟ ತಿರುಗುತ್ತದೆ, ಕೂತ ಜಾಗ ಉಜ್ಜುತ್ತದೆ. ಉಪ್ಪುನೀರು ಸೇರಿದರೆ ಚರ್ಮ ಸುಲಿದು ಉರಿ ಏಳುತ್ತದೆ. ಹಿಂದೆ ಜೇಬು, ದಪ್ಪ ಹೊಲಿಗೆ ಇರುವ ಚಡ್ಡಿ ಬೇಡವೇ ಬೇಡ. ಉಜ್ಜುವ ಕಡೆ ಮೊದಲೇ ವ್ಯಾಸಲೀನ್ ಹಚ್ಚಿ.

ಹವಾಯಿಯಲ್ಲಿ ಮೊಲೊಕಾಯ್‌ನಿಂದ ಓವಾಹು ದ್ವೀಪಕ್ಕೆ ಹೋಗುವ ಸ್ಪರ್ಧೆ ಗಂಡಸರಿಗೆ 1952ರಲ್ಲಿ, ಹೆಂಗಸರಿಗೆ 1979ರಲ್ಲಿ ಶುರುವಾಯಿತು. ಅಲ್ಲಿ ನಡುಗಡಲಲ್ಲೇ ಆಳು ಬದಲು. ನೀರಲ್ಲಿ ಕಾಯುತ್ತಿದ್ದವರು ಚಲಿಸುವ ದೋಣಿಗೆ ಹತ್ತುತ್ತಾರೆ. ಸಡಿಲ ಅಂಗಿ, ನೇತಾಡುವ ದಾರ ಸಿಕ್ಕಿಕೊಂಡರೆ ಗತಿಯೇನು?

ಚಳಿಯ ನೀರಿದ್ದರೆ ಆಕಾಶ ನೋಡಿ ಬಟ್ಟೆ ಹಾಕಬೇಡಿ. ಬಿಸಿಲಿದ್ದರೂ ತೋಳಿಲ್ಲದ ನಿಯೋಪ್ರೀನ್ (ಮೈ ಬೆಚ್ಚಗಿಡುವ ರಬ್ಬರ್) ಸೂಟ್ ಇರಲಿ, ಭುಜಕ್ಕೆ ತಡೆಯಾಗದು.

ನನಗೆ ನಿಜವಾಗಿ ಕಳವಳ ಲೈಫ್ ಜಾಕೆಟ್‌ದು. ಸೊಂಟಕ್ಕೆ ಕಟ್ಟುವ, ಗಾಳಿ ತುಂಬುವ ಬಗೆ ಹಗುರ, ನಿಜ. ಆದರೆ ನೀರಿಗೆ ಬಿದ್ದ ಮೇಲೆ ದಾರ ಎಳೆದು, ಉಬ್ಬಿದ್ದನ್ನು ಕೊರಳಿಗೆ ಹಾಕಿಕೊಳ್ಳಬೇಕು. ಗಾಬರಿಯಲ್ಲಿ ಹೊಸಬರಿಗೆ ಅದೆಲ್ಲ ಹೊಳೆಯುತ್ತದಾ? ಕಂಕುಳು ಅಗಲವಿರುವ ಫೋಮ್ ಜಾಕೆಟ್ ಅವರಿಗೆ ಒಳ್ಳೆಯದು.

ಒಬ್ಬರೇ ಹೋಗುವ ದೋಣಿಗೆ ನಮ್ಮ ಕಾಲನ್ನು ದೋಣಿಗೆ ಕಟ್ಟುವ ಹಗ್ಗ, ಅಂದರೆ ಲೀಶ್ ಕೂಡ ಬೇಕು. ಮಗುಚಿದ ದೋಣಿಯನ್ನು ಗಾಳಿ ನಮ್ಮ ಈಜಿಗಿಂತ ಜೋರಾಗಿ ಒಯ್ದುಬಿಡಬಹುದು. ಹೊರಡುವ ಮೊದಲು ಅದರ ವೆಲ್ಕ್ರೋ ಒಮ್ಮೆ ಜಗ್ಗಿ ನೋಡಿ.

ಇಂತಿ,
ನಿಮ್ಮ ಓದುಗಾರ್ತಿ